ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ನಡುವೆ ಫೈಲ್ ಸಿಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೋ ಅಂಗಡಿಯಲ್ಲೋ ಒಂದು ಡೆಸ್ಕ್‌ಟಾಪ್, ಓಡಾಟಕ್ಕೆ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡವರಿಗಾಗಿ ಈ ಬರಹ. ಎರಡರಲ್ಲೂ ಫೈಲುಗಳು ಸದಾ ಒಂದೇ ಆಗಿರುವಂತೆ ನೋಡಿಕೊಳ್ಳುವುದೇ ಸಿಂಕ್. ಹೆಚ್ಚಿನ ಉತ್ತರಗಳು ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶದ ಬಗ್ಗೆ ಇವೆ. ಬೇರೆ ಯಾವುದನ್ನೇ ಬಳಸಿದರೂ ಡಿಲೀಟ್, ಗಡಿಯಾರ, ಕನ್ನಡ ಹೆಸರುಗಳ ಬಗ್ಗೆ ಹೇಳಿರುವುದು ನಿಮಗೂ ಅನ್ವಯಿಸುತ್ತದೆ.

ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಓಡಾಡ್ತೀನಿ. ಅಷ್ಟು ಸಾಕಲ್ವಾ?

ವಾರಕ್ಕೆ ಒಂದೆರಡು ಫೈಲ್ ಆದರೆ ಸಾಕು. ಫೈಲುಗಳು ಜಾಸ್ತಿಯಾದಾಗ ತೊಂದರೆ ಶುರುವಾಗುತ್ತದೆ. ಒಂದೇ ಪತ್ರಕ್ಕೆ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಅಂತ ಮೂರು ಹೆಸರು. ಒಂದು ಡೆಸ್ಕ್‌ಟಾಪ್‌ನಲ್ಲಿ, ಒಂದು ಲ್ಯಾಪ್‌ಟಾಪ್‌ನಲ್ಲಿ, ಮತ್ತೊಂದು ಪೆನ್‌ಡ್ರೈವ್‌ನಲ್ಲಿ. ಯಾವುದು ಕೊನೆಯದು ಅನ್ನುವುದನ್ನು ನೀವೇ ನೆನಪಿಟ್ಟುಕೊಳ್ಳಬೇಕು. ಸಿಂಕ್ ತಂತ್ರಾಂಶ ನಿಮ್ಮ ತಲೆಯಿಂದ ಇಳಿಸುವ ಭಾರ ಇದೇ. ಯಾವ ಪ್ರತಿಯನ್ನು ಯಾವುದರ ಮೇಲೆ ತಿದ್ದಲಾಗಿದೆ ಎಂಬ ಲೆಕ್ಕವನ್ನು ಅದು ಇಡುತ್ತದೆ.

ಈ ಕಷ್ಟ ಹಳೆಯದು. ವಿಂಡೋಸ್ 95ರಲ್ಲೇ ‘ಬ್ರೀಫ್‌ಕೇಸ್’ ಎಂಬ ಸೌಲಭ್ಯ ಇತ್ತು. ಅದರೊಳಗೆ ಫೈಲ್ ಹಾಕಿ ಫ್ಲಾಪಿಯಲ್ಲಿ ಒಯ್ದು, ವಾಪಸ್ ಬಂದ ಮೇಲೆ ಅಪ್‌ಡೇಟ್ ಒತ್ತಬೇಕಿತ್ತು. ವಿಂಡೋಸ್ 10ರ ಹೊತ್ತಿಗೆ ಅದನ್ನು ತೆಗೆದುಬಿಟ್ಟರು.

ಪೆನ್‌ಡ್ರೈವ್ ಬಳಸುವವರು ಇನ್ನೊಂದು ವಿಷಯ ತಿಳಿದಿರಲಿ. ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಮದುವೆ ವಿಡಿಯೋ ಕಾಪಿ ಆಗದೆ ಅರ್ಧದಲ್ಲಿ ನಿಂತರೆ ಮೊದಲು ಅದನ್ನು ನೋಡಿ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ. ಬದಲಾಯಿಸುವಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ.

ಗೂಗಲ್ ಡ್ರೈವ್, ಒನ್‌ಡ್ರೈವ್ ಇದೆಯಲ್ಲ?

ಇದೆ, ಬಹಳ ಜನರಿಗೆ ಅದೇ ಸಾಕು. ಬರೀ ವರ್ಡ್, ಎಕ್ಸೆಲ್, ಪಿಡಿಎಫ್ ಫೈಲುಗಳು, ಎಲ್ಲ ಸೇರಿ ಕೆಲವೇ ಜಿಬಿ, ಎರಡೂ ಕಡೆ ಒಳ್ಳೆಯ ಇಂಟರ್‌ನೆಟ್ ಇದೆ ಅಂದರೆ ಅದನ್ನೇ ಬಳಸಿ. ಉಚಿತವಾಗಿ ಗೂಗಲ್ 15 ಜಿಬಿ ಕೊಡುತ್ತದೆ (ಜಿಮೇಲ್, ಫೋಟೋಸ್ ಕೂಡ ಅದರಲ್ಲೇ ಸೇರಿವೆ), ಒನ್‌ಡ್ರೈವ್ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಇವುಗಳ ದೊಡ್ಡ ಅನುಕೂಲ ಏನೆಂದರೆ ಎರಡೂ ಕಂಪ್ಯೂಟರ್ ಒಟ್ಟಿಗೆ ಆನ್ ಇರಬೇಕಾಗಿಲ್ಲ.

ಎರಡು ಕಡೆ ಹುಷಾರಾಗಿರಿ. ಒಂದು, ಹೊಸ ವಿಂಡೋಸ್ ಕಂಪ್ಯೂಟರುಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳೇ ಒನ್‌ಡ್ರೈವ್ ಒಳಗೆ ಹೋಗಿ ಕೂತಿರಬಹುದು. ಜಾಗ ತುಂಬಿತು ಎಂದು ಬ್ರೌಸರ್‌ನಲ್ಲಿ ಒನ್‌ಡ್ರೈವ್ ತೆರೆದು ಅಳಿಸಿದರೆ ನಿಮ್ಮ ಕಂಪ್ಯೂಟರ್‌ನಿಂದಲೂ ಫೈಲ್ ಹೋಗುತ್ತದೆ. ಮನೆಬಳಕೆಯ ಖಾತೆಯಲ್ಲಿ 30 ದಿನ ರೀಸೈಕಲ್ ಬಿನ್‌ನಲ್ಲಿ ಇರುತ್ತದೆ, ಆಮೇಲೆ ಇಲ್ಲ. ಎರಡು, ಫೈಲಿನ ಪಕ್ಕ ಮೋಡದ ಚಿಹ್ನೆ ಇದ್ದರೆ ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲ, ಹೆಸರು ಮಾತ್ರ ಕಾಣುತ್ತಿದೆ ಅಂತ ಅರ್ಥ. ಘಟ್ಟದಲ್ಲಿ ರೈಲು ಹೋಗುವಾಗ ತೆರೆಯಲು ಹೋದರೆ ತೆರೆಯುವುದಿಲ್ಲ. ಊರಿಗೆ ಹೊರಡುವ ಮೊದಲು ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ, ಹಸಿರು ಗುರುತು ಬರುವವರೆಗೆ ಕಾಯಿರಿ.

ಫೋಟೋ, ವಿಡಿಯೋ ಜಾಸ್ತಿ ಇದ್ದರೆ, ಗಿರಾಕಿಗಳ ಲೆಕ್ಕಪತ್ರ ಬೇರೆಯವರ ಸರ್ವರ್‌ಗೆ ಹೋಗಬಾರದು ಅಂದರೆ, ಸಿಂಕ್‌ಥಿಂಗ್ ನೋಡಿ.

ಸಿಂಕ್‌ಥಿಂಗ್‌ನಲ್ಲಿ ನಮ್ಮ ಫೈಲು ಯಾರ ಬಳಿ ಹೋಗುತ್ತದೆ?

ನಿಮ್ಮ ಇನ್ನೊಂದು ಕಂಪ್ಯೂಟರಿಗೆ, ಅಷ್ಟೇ. 2013ರ ಕೊನೆಯಲ್ಲಿ ಮೊದಲು ಹೊರಬಂದ ಇದು ಓಪನ್ ಸೋರ್ಸ್ ತಂತ್ರಾಂಶ. ಖಾತೆ ತೆರೆಯಬೇಕಿಲ್ಲ, ದುಡ್ಡು ಕೊಡಬೇಕಿಲ್ಲ. ಎರಡೂ ಒಂದೇ ವೈಫೈನಲ್ಲಿದ್ದರೆ ಫೈಲು ನೇರವಾಗಿ ಹೋಗುತ್ತದೆ, ಮನೆಯ ಇಂಟರ್‌ನೆಟ್ ನಿಂತಿದ್ದರೂ ಸಿಂಕ್ ನಡೆಯುತ್ತದೆ. ಬೇರೆ ಬೇರೆ ಊರಿನಲ್ಲಿದ್ದು ನೇರ ಸಂಪರ್ಕ ಆಗದಿದ್ದರೆ ನಡುವೆ ಫೈಲನ್ನು ದಾಟಿಸುವ ಒಂದು ರಿಲೇ ಸರ್ವರ್ ಬರುತ್ತದೆ. ಆಗಲೂ ಫೈಲು ಎನ್‌ಕ್ರಿಪ್ಟ್ ಆಗಿಯೇ (ಗುಟ್ಟಿನ ಸಂಕೇತವಾಗಿ) ಹೋಗುತ್ತದೆ, ರಿಲೇ ನಡೆಸುವವರಿಗೆ ಓದಲು ಬರುವುದಿಲ್ಲ. ಸ್ವಲ್ಪ ನಿಧಾನ ಮಾತ್ರ.

ಶುರು ಮಾಡೋದು ಹೇಗೆ?

ಎರಡೂ ಕಡೆ ಹಾಕಿಕೊಳ್ಳಿ. ಅದರ ಪರದೆ ಬ್ರೌಸರ್‌ನಲ್ಲೇ ತೆರೆಯುತ್ತದೆ, ವಿಳಾಸ 127.0.0.1:8384. ಪ್ರತಿ ಕಂಪ್ಯೂಟರಿಗೂ ಒಂದು ಡಿವೈಸ್ ಐಡಿ ಇರುತ್ತದೆ, ಏಳೇಳು ಅಕ್ಷರಗಳ ಎಂಟು ಗುಂಪು. ಡೆಸ್ಕ್‌ಟಾಪ್‌ನ ಐಡಿಯನ್ನು ಲ್ಯಾಪ್‌ಟಾಪ್‌ನಲ್ಲಿ ಸೇರಿಸಿ. ಡೆಸ್ಕ್‌ಟಾಪ್‌ನಲ್ಲಿ ‘ಇಂಥವರು ಸೇರಲು ಕೇಳುತ್ತಿದ್ದಾರೆ’ ಎಂದು ಬರುತ್ತದೆ, ಒಪ್ಪಿಕೊಳ್ಳಿ. ಆಮೇಲೆ ಒಂದು ಫೋಲ್ಡರ್ ಆರಿಸಿ ಹಂಚಿಕೊಳ್ಳಿ. ಎರಡೂ ಕಡೆ ಒಪ್ಪಿಗೆ ಬೇಕಾದ್ದರಿಂದ ಐಡಿ ಯಾರ ಕಣ್ಣಿಗಾದರೂ ಬಿದ್ದರೂ ಅವರು ಸುಮ್ನೆ ಒಳಗೆ ಬರಲಾರರು.

ಮೊದಲ ದಿನವೇ ಇಡೀ ಡಾಕ್ಯುಮೆಂಟ್ಸ್ ಫೋಲ್ಡರ್ ಕೊಡಬೇಡಿ. ‘ಕೆಲಸ’ ಅಂತ ಒಂದು ಹೊಸ ಫೋಲ್ಡರ್ ಮಾಡಿ. ಅದರಲ್ಲಿ ಮುಖ್ಯವಲ್ಲದ ನಾಲ್ಕು ಫೈಲು ಹಾಕಿ. ತಿದ್ದಿ ನೋಡಿ, ಹೆಸರು ಬದಲಿಸಿ ನೋಡಿ, ಅಳಿಸಿ ನೋಡಿ. ಏನಾಗುತ್ತದೆ ಅಂತ ಕಣ್ಣಾರೆ ಕಂಡ ಮೇಲೆ ನಿಜವಾದ ಫೈಲುಗಳನ್ನು ಒಳಗೆ ತನ್ನಿ. ವಿಂಡೋಸ್‌ನಲ್ಲಿ ಕಂಪ್ಯೂಟರ್ ಆನ್ ಆದಾಗ ತಾನೇ ಶುರುವಾಗುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿಡಿ. ಇಲ್ಲವಾದರೆ ಮರೆತೇ ಹೋಗುತ್ತದೆ.

ಎರಡರಲ್ಲೂ ಈಗಾಗಲೇ ಫೈಲುಗಳಿವೆ. ಒಂದರ ಮೇಲೆ ಒಂದು ಬಿದ್ದುಬಿಡುತ್ತಾ?

ಹೆಸರೂ ಒಳಗಿನ ವಿಷಯವೂ ಒಂದೇ ಇದ್ದ ಫೈಲನ್ನು ಸಿಂಕ್‌ಥಿಂಗ್ ಮತ್ತೆ ಕಳಿಸುವುದಿಲ್ಲ. ಒಂದು ಕಡೆ ಮಾತ್ರ ಇದ್ದದ್ದು ಇನ್ನೊಂದು ಕಡೆಗೂ ಬರುತ್ತದೆ. ಹೆಸರು ಒಂದೇ, ಒಳಗಿರುವುದು ಬೇರೆ ಅಂದರೆ ಎರಡೂ ಪ್ರತಿ ಉಳಿಯುತ್ತವೆ, ಹಳೆಯ ತಾರೀಖಿನದ್ದಕ್ಕೆ ಬೇರೆ ಹೆಸರು ಬೀಳುತ್ತದೆ. ಆದರೂ ಶುರು ಮಾಡುವ ಮೊದಲು ಎರಡೂ ಕಡೆಯ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಒಮ್ಮೆ ಕಾಪಿ ಮಾಡಿ, ವೈರ್ ತೆಗೆದು ಬದಿಗಿಡಿ. ಈ ಒಂದು ಕೆಲಸ ಮಾತ್ರ ಬಿಡಬೇಡಿ.

ಒಂದು ಕಡೆ ಡಿಲೀಟ್ ಮಾಡಿದರೆ ಇನ್ನೊಂದು ಕಡೆ ಉಳಿಯುತ್ತಾ?

ಇಲ್ಲ, ಉಳಿಯುವುದಿಲ್ಲ. ಜನ ಹೆಚ್ಚು ಫೈಲು ಕಳೆದುಕೊಳ್ಳುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಂಕ್ ತಂತ್ರಾಂಶ ಬದಲಾವಣೆಗಳನ್ನು ಸಾಗಿಸುತ್ತದೆ. ಅಳಿಸಿದ್ದೂ ಅದರ ಲೆಕ್ಕದಲ್ಲಿ ಒಂದು ಬದಲಾವಣೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಎಂದು ‘ಫೋಟೋ 2019’ ಫೋಲ್ಡರ್ ಅಳಿಸಿ, ‘ಡೆಸ್ಕ್‌ಟಾಪ್‌ನಲ್ಲಿ ಇದೆಯಲ್ಲ’ ಅಂದುಕೊಂಡರೆ ಕೆಲವೇ ನಿಮಿಷಗಳಲ್ಲಿ ಡೆಸ್ಕ್‌ಟಾಪ್‌ನಿಂದಲೂ ಹೋಗಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬೇಡದ ಫೋಲ್ಡರನ್ನು ಮೊದಲು ಅಲ್ಲಿನ ‘ಇಗ್ನೋರ್ ಪ್ಯಾಟರ್ನ್ಸ್’ ಪಟ್ಟಿಗೆ ಸೇರಿಸಬೇಕು, ಆಮೇಲೆ ಅಳಿಸಬೇಕು. ಆ ಪಟ್ಟಿ ಆಯಾ ಕಂಪ್ಯೂಟರಿಗೆ ಮಾತ್ರ ಸೇರಿದ್ದು, ಅದು ಸಿಂಕ್ ಆಗುವುದಿಲ್ಲ. ಅಲ್ಲಿ ಸೇರಿಸಿದ ಮೇಲೆ ಆ ಫೋಲ್ಡರ್‌ಗೆ ಏನಾದರೂ ಲ್ಯಾಪ್‌ಟಾಪ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡೆಸ್ಕ್‌ಟಾಪ್‌ನ ಪ್ರತಿ ಹಾಗೇ ಇರುತ್ತದೆ.

ಇನ್ನು ‘ಫೈಲ್ ವರ್ಷನಿಂಗ್’. ಶುರುವಿನಲ್ಲಿ ಇದು ಆಫ್ ಇರುತ್ತದೆ, ಆನ್ ಮಾಡಿ. ‘ಟ್ರ್ಯಾಶ್ ಕ್ಯಾನ್’ ಆರಿಸಿದರೆ ಅಳಿಸಿದ ಮತ್ತು ಬದಲಾದ ಫೈಲಿನ ಹಿಂದಿನ ಪ್ರತಿ ಒಂದು ಒಳಫೋಲ್ಡರ್‌ನಲ್ಲಿ ಉಳಿಯುತ್ತದೆ. ‘ಸ್ಟ್ಯಾಗರ್ಡ್’ ಆರಿಸಿದರೆ ಹತ್ತಿರದ ದಿನಗಳದ್ದು ಹೆಚ್ಚು, ಹಳೆಯದ್ದು ಕಡಿಮೆ ಹೀಗೆ ಹಲವು ಪ್ರತಿಗಳು ಉಳಿಯುತ್ತವೆ. ಬರವಣಿಗೆ ಮಾಡುವವರಿಗೆ ಎರಡನೆಯದು ಒಳ್ಳೆಯದು. ಒಂದು ಸೂಕ್ಷ್ಮ ಇದೆ: ವರ್ಷನಿಂಗ್ ಕೆಲಸ ಮಾಡುವುದು ಇನ್ನೊಂದು ಕಂಪ್ಯೂಟರಿನಿಂದ ಬಂದ ಬದಲಾವಣೆಗೆ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ನೀವು ಅಳಿಸಿದರೆ ಹಳೆಯ ಪ್ರತಿ ಸಿಗುವುದು ಡೆಸ್ಕ್‌ಟಾಪ್‌ನಲ್ಲಿ. ಆದ್ದರಿಂದ ಎರಡೂ ಕಡೆ ಆನ್ ಮಾಡಬೇಕು. ಹುಡುಕುವಾಗ ಅಳಿಸಿದ ಕಂಪ್ಯೂಟರ್ ಬಿಟ್ಟು ಇನ್ನೊಂದರಲ್ಲಿ ನೋಡಬೇಕು.

ಹಾಗಾದರೆ ಸಿಂಕ್ ಇದ್ದರೆ ಬ್ಯಾಕಪ್ ಬೇಡವಾ?

ಖಂಡಿತ ಬೇಕು. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದು ಲ್ಯಾಪ್‌ಟಾಪ್‌ನ ಫೈಲುಗಳನ್ನೆಲ್ಲ ಕೆಡಿಸಿದರೆ, ಸಿಂಕ್ ಆ ಕೆಟ್ಟ ಪ್ರತಿಗಳನ್ನೇ ಡೆಸ್ಕ್‌ಟಾಪ್‌ಗೆ ಒಯ್ಯುತ್ತದೆ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಆಗಾಗ ಕಾಪಿ ಮಾಡಿ, ಕೆಲಸ ಮುಗಿದ ಮೇಲೆ ಕೇಬಲ್ ತೆಗೆದಿಡಿ. ಕೇಬಲ್ ಹಾಕಿಯೇ ಬಿಟ್ಟ ಡಿಸ್ಕ್ ರ‍್ಯಾನ್ಸಮ್‌ವೇರ್‌ಗೂ ಸಿಗುತ್ತದೆ.

ಒಂದೇ ಫೈಲನ್ನು ಎರಡೂ ಕಡೆ ತಿದ್ದಿಬಿಟ್ಟರೆ?

ಬೆಳಿಗ್ಗೆ ಅಂಗಡಿಯ ಡೆಸ್ಕ್‌ಟಾಪ್‌ನಲ್ಲಿ ‘ಬಾಕಿ ಪಟ್ಟಿ’ ಎಂಬ ಎಕ್ಸೆಲ್ ಫೈಲ್ ತಿದ್ದಿದಿರಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಆಫ್ ಆಗಿತ್ತು. ರಾತ್ರಿ ಮನೆಯಲ್ಲಿ ಅದೇ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಇನ್ನೆರಡು ಸಾಲು ಸೇರಿಸಿದಿರಿ. ಮರುದಿನ ಎರಡೂ ಒಟ್ಟಿಗೆ ಆನ್ ಆದವು. ಈಗ ಯಾವುದು ಸರಿ? ಎರಡರಲ್ಲೂ ಬೇಕಾದ್ದಿದೆ.

ಇಂಥ ಹೊತ್ತಿನಲ್ಲಿ ಸಿಂಕ್‌ಥಿಂಗ್ ಎರಡನ್ನೂ ಉಳಿಸುತ್ತದೆ. ಕೊನೆಗೆ ತಿದ್ದಿದ್ದು ‘ಬಾಕಿ ಪಟ್ಟಿ’ಯಾಗಿಯೇ ಇರುತ್ತದೆ. ಮೊದಲು ತಿದ್ದಿದ್ದರ ಹೆಸರು ‘ಬಾಕಿ ಪಟ್ಟಿ.ಸಿಂಕ್-ಕಾನ್‌ಫ್ಲಿಕ್ಟ್’ ಎಂದಾಗಿ, ಅದರ ಮುಂದೆ ತಾರೀಖು, ಗಂಟೆ, ತಿದ್ದಿದ ಕಂಪ್ಯೂಟರಿನ ಗುರುತು ಬರುತ್ತದೆ. ಎರಡನ್ನೂ ಪಕ್ಕಪಕ್ಕ ತೆರೆದು ಬಿಟ್ಟುಹೋದ ಸಾಲುಗಳನ್ನು ಕೈಯಾರೆ ಸೇರಿಸಬೇಕು. ಇದನ್ನು ತಾನೇ ಮಾಡುವ ಜಾಣತನ ಎಕ್ಸೆಲ್ ಫೈಲಿನ ಮಟ್ಟಿಗೆ ಇದಕ್ಕಿಲ್ಲ. ಸೇರಿಸಿದ ಮೇಲೆ ಕಾನ್‌ಫ್ಲಿಕ್ಟ್ ಪ್ರತಿ ಅಳಿಸಿ.

ತಿಂಗಳಿಗೊಮ್ಮೆಯಾದರೂ ಫೋಲ್ಡರ್‌ನಲ್ಲಿ ‘ಕಾನ್‌ಫ್ಲಿಕ್ಟ್’ (ಇಂಗ್ಲಿಷ್‌ನಲ್ಲಿ conflict) ಎಂದು ಹುಡುಕಿ. ಇದಕ್ಕೆ ಯಾವ ಗಂಟೆಯೂ ಬಾರಿಸುವುದಿಲ್ಲ. ಸದ್ದಿಲ್ಲದೆ ಕೂತಿರುತ್ತದೆ, ವರ್ಷದ ಕೊನೆಗೆ ಲೆಕ್ಕ ತಾಳೆಯಾಗದೆ ತಲೆ ಕೆಡುತ್ತದೆ.

ಇದಕ್ಕೂ ಕಂಪ್ಯೂಟರಿನ ಗಡಿಯಾರಕ್ಕೂ ಸಂಬಂಧ ಇದೆಯಾ?

ಇದೆ. ಯಾವುದು ಹೊಸದು ಎಂದು ತಿಳಿಯಲು ಸಿಂಕ್‌ಥಿಂಗ್ ಬರೀ ಸಮಯ ನೋಡುವುದಿಲ್ಲ, ಪ್ರತಿ ಕಂಪ್ಯೂಟರಿನ ಬದಲಾವಣೆಗೂ ಎಣಿಕೆ ಇಟ್ಟಿರುತ್ತದೆ. ಆದರೆ ಎರಡೂ ಕಡೆ ತಿದ್ದಿದಾಗ ಗೆಲ್ಲುವುದು ಯಾವುದು ಎನ್ನುವುದು ಸಮಯದ ಮೇಲೆ ನಿಂತಿದೆ. ಸಮಯ ನೋಡಿಯೇ ಕಾಪಿ ಮಾಡುವ ತಂತ್ರಾಂಶಗಳಲ್ಲಂತೂ ಗಡಿಯಾರ ತಪ್ಪಿದರೆ ಹೊಸದರ ಮೇಲೆ ಹಳೆಯದು ಬಂದು ಕೂರುತ್ತದೆ.

ಹಳೆಯ ಡೆಸ್ಕ್‌ಟಾಪ್ ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯ ತಾರೀಖು ತೋರಿಸಿದರೆ ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್ ಸತ್ತಿದೆ. ಸಾಮಾನ್ಯವಾಗಿ ಅದು ಸಿಆರ್2032. ಕಡಿಮೆ ಬೆಲೆಗೆ ಸಿಗುತ್ತದೆ, ಹಾಕಿಸಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟವರಿಗೆ ಇನ್ನೊಂದು ತೊಡಕು. ವಿಂಡೋಸ್ ಮದರ್‌ಬೋರ್ಡ್‌ನ ಗಡಿಯಾರದಲ್ಲಿ ನಮ್ಮ ಸಮಯ ಬರೆದರೆ ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ. ಅದಕ್ಕೇ ಒಂದರಿಂದ ಇನ್ನೊಂದಕ್ಕೆ ಹೋದಾಗ ಸರಿಯಾಗಿ 5 ಗಂಟೆ 30 ನಿಮಿಷ ಹಿಂದುಮುಂದಾಗುತ್ತದೆ. ಲಿನಕ್ಸ್‌ನಲ್ಲಿ ‘ಲೋಕಲ್ ಟೈಮ್’ ಸೆಟ್ಟಿಂಗ್ ಹಾಕಿದರೆ ಎರಡೂ ಹೊಂದಿಕೊಳ್ಳುತ್ತವೆ.

ನಾನು ಲ್ಯಾಪ್‌ಟಾಪ್ ತೆರೆಯುವಾಗ ಡೆಸ್ಕ್‌ಟಾಪ್ ಆಫ್ ಇರುತ್ತದೆ. ಆಗ?

ಸಿಂಕ್ ಆಗುವುದಿಲ್ಲ. ನೇರ ಸಿಂಕ್‌ನ ದೊಡ್ಡ ಮಿತಿ ಇದೇ. ಕೆಲಸ ಮುಗಿಸಿ ಏಳುವಾಗ ಪರದೆಯಲ್ಲಿ ‘ಅಪ್ ಟು ಡೇಟ್’ ಬಂತಾ ಅಂತ ನೋಡಿಯೇ ಶಟ್‌ಡೌನ್ ಮಾಡುವ ರೂಢಿ ಮಾಡಿಕೊಂಡರೆ ಮುಕ್ಕಾಲು ಪಾಲು ಕಾನ್‌ಫ್ಲಿಕ್ಟ್ ಬರುವುದೇ ಇಲ್ಲ. ಎರಡೂ ಒಟ್ಟಿಗೆ ಆನ್ ಇರುವುದೇ ಇಲ್ಲ ಎನ್ನುವವರು ಆಂಡ್ರಾಯ್ಡ್ ಫೋನನ್ನು ಮೂರನೆಯದಾಗಿ ಸೇರಿಸಬಹುದು. ಅಂಗಡಿಯಲ್ಲಿ ಡೆಸ್ಕ್‌ಟಾಪ್‌ನಿಂದ ಫೋನಿಗೆ, ಮನೆಯಲ್ಲಿ ಫೋನಿನಿಂದ ಲ್ಯಾಪ್‌ಟಾಪ್‌ಗೆ ಬರುತ್ತದೆ. ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು, ಈಗ ಬಳಕೆಯಲ್ಲಿರುವುದು ಅದರಿಂದ ಕವಲೊಡೆದ ಸಿಂಕ್‌ಥಿಂಗ್-ಫೋರ್ಕ್. ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ಅದನ್ನು ಹೊರಗಿಡಬೇಕು, ಇಲ್ಲದಿದ್ದರೆ ಹಿನ್ನೆಲೆಯಲ್ಲಿ ನಿಂತುಬಿಡುತ್ತದೆ.

ನಡುವೆ ಕರೆಂಟ್ ಹೋದರೆ ಫೈಲ್ ಕೆಡುತ್ತಾ?

ಬರುತ್ತಿರುವ ಫೈಲನ್ನು ಸಿಂಕ್‌ಥಿಂಗ್ ಮೊದಲು ಬೇರೆ ಹೆಸರಿನ ತಾತ್ಕಾಲಿಕ ಫೈಲಿನಲ್ಲಿ ಬರೆಯುತ್ತದೆ. ಪೂರ್ತಿ ಬಂದ ಮೇಲೆಯೇ ನಿಜವಾದ ಹೆಸರು ಕೊಡುತ್ತದೆ. ಹಾಗಾಗಿ ಅರ್ಧ ಬಂದದ್ದು ಹಳೆಯದನ್ನು ಕೆಡಿಸುವುದಿಲ್ಲ, ಕರೆಂಟ್ ಬಂದ ಮೇಲೆ ಉಳಿದದ್ದನ್ನು ಮುಂದುವರಿಸುತ್ತದೆ. ಆದರೆ ನೀವು ತೆರೆದಿಟ್ಟು ಸೇವ್ ಮಾಡದ ಕೆಲಸಕ್ಕೆ ಇದು ಏನೂ ಮಾಡಲಾರದು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು.

ಯಾವುದನ್ನು ಸಿಂಕ್‌ಗೆ ಹಾಕಬಾರದು?

ಇಡೀ ಸಿ ಡ್ರೈವ್ ಹಾಕಬಾರದು. ಪ್ರೋಗ್ರಾಂ ಫೈಲ್ಸ್ ಹಾಕಬಾರದು, ತಂತ್ರಾಂಶಗಳನ್ನು ಎರಡೂ ಕಡೆ ಬೇರೆಬೇರೆಯಾಗಿಯೇ ಇನ್‌ಸ್ಟಾಲ್ ಮಾಡಬೇಕು.

ಟ್ಯಾಲಿ ಡೇಟಾ ಫೋಲ್ಡರ್, ಔಟ್‌ಲುಕ್‌ನ ಪಿಎಸ್‌ಟಿ (ಮೇಲ್ ಕೂಡಿಡುವ ಫೈಲು), ಇಂಥವು ಹೆಸರಿಗೆ ಫೈಲು, ಒಳಗೆ ಡೇಟಾಬೇಸ್. ತೆರೆದಿರುವಾಗಲೇ ಒಂದು ಭಾಗ ಈಗಿನದ್ದು, ಒಂದು ಭಾಗ ಹಿಂದಿನದ್ದು ಹೀಗೆ ಕಾಪಿಯಾದರೆ ಇನ್ನೊಂದು ಕಡೆ ತೆರೆಯುವುದೇ ಇಲ್ಲ. ಎರಡೂ ಕಡೆ ತೆರೆದು ಬರೆದರಂತೂ ಕೈಯಾರೆ ಸೇರಿಸಲೂ ಆಗದ ಕಾನ್‌ಫ್ಲಿಕ್ಟ್. ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಫೈಲನ್ನು ಸಿಂಕ್ ಫೋಲ್ಡರ್‌ಗೆ ಹಾಕಿ, ಇನ್ನೊಂದು ಕಡೆ ರಿಸ್ಟೋರ್ ಮಾಡಿ. ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ನಮೂದು ಮಾಡಿ.

ಕೋಡ್ ಬರೆಯುವವರು ಗಿಟ್ ರೆಪೊಸಿಟರಿಯನ್ನು ಸಿಂಕ್‌ಗೆ ಬಿಡದೆ ಪುಶ್, ಪುಲ್ ಮಾಡುವುದೇ ಸರಿ. ವರ್ಡ್ ತೆರೆದಾಗ ಹುಟ್ಟುವ ~$ ಎಂದು ಶುರುವಾಗುವ ಸಣ್ಣ ಫೈಲುಗಳನ್ನು ಇಗ್ನೋರ್ ಪಟ್ಟಿಯಲ್ಲಿ ~$* ಎಂದು ಬರೆದು ಹೊರಗಿಡಿ.

ಫೈಲಿಗೆ ಕನ್ನಡದಲ್ಲಿ ಹೆಸರಿಡಬಹುದಾ?

ಧಾರಾಳವಾಗಿ ಇಡಿ. ನಮ್ಮ ಫೈಲಿಗೆ ನಮ್ಮ ಭಾಷೆಯ ಹೆಸರು ಇರಲೇಬೇಕು. ಯೂನಿಕೋಡ್‌ನಲ್ಲಿದ್ದರೆ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಎಲ್ಲ ಕಡೆ ನಡೆಯುತ್ತದೆ. ಮೂರು ತೊಡಕುಗಳು ಗೊತ್ತಿದ್ದರೆ ಸಾಕು.

ಮೊದಲನೆಯದು ಉದ್ದ. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಒತ್ತು, ಗುಣಿತ, ಹಲಂತ ಎಲ್ಲವೂ ಬೇರೆ ಬೇರೆ ಚಿಹ್ನೆ. ‘ಸ್ಕ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಚಿಹ್ನೆ, ಅಂದರೆ 18 ಬೈಟ್. ಒಟ್ಟು 85 ಚಿಹ್ನೆಗೆ ಮಿತಿ ಮುಗಿಯಿತು. ವಿಂಡೋಸ್‌ನ ಎಣಿಕೆ ಬೇರೆ, ಅಲ್ಲಿ ಹಿಡಿಸಿದ ಉದ್ದ ಹೆಸರು ಲಿನಕ್ಸ್‌ನಲ್ಲಿ ಹಿಡಿಸದೆ ‘ಔಟ್ ಆಫ್ ಸಿಂಕ್’ ಎಂದು ನಿಲ್ಲುತ್ತದೆ. ಸುತ್ತೋಲೆಯ ಇಡೀ ವಿಷಯವನ್ನೇ ಫೈಲಿನ ಹೆಸರಾಗಿ ಇಡುವವರು ಇದನ್ನು ಗಮನಿಸಿ.

ಎರಡನೆಯದು ಮ್ಯಾಕ್‌ಗೆ ಸಂಬಂಧಿಸಿದ್ದು. ‘ಕೋಲಾರ’ದ ‘ಕೋ’ ಅನ್ನು ಕ ಮತ್ತು ಓಕಾರ ಎಂದು ಎರಡು ಚಿಹ್ನೆಯಾಗಿ ಬರೆಯಬಹುದು. ಕ, ಎಕಾರ, ಊಕಾರ, ದೀರ್ಘದ ಗುರುತು ಎಂದು ನಾಲ್ಕಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳು ಬಿಡಿಸಿ ಬರೆಯುತ್ತಿದ್ದವು. ಅಲ್ಲಿಂದ ಲಿನಕ್ಸ್‌ಗೆ ಕಾಪಿ ಮಾಡಿದಾಗ ಒಂದೇ ಫೋಲ್ಡರ್‌ನಲ್ಲಿ ‘ಕೋಲಾರ’ ಎಂಬ ಎರಡು ಫೈಲು ಕಾಣುವುದು ಈ ಕಾರಣಕ್ಕೆ. ಸಿಂಕ್‌ಥಿಂಗ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಆ ಸೆಟ್ಟಿಂಗ್ ಆಫ್ ಮಾಡಬೇಡಿ.

ಮೂರನೆಯದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳು. ಯೂನಿಕೋಡ್ ಬರುವ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಲ್ಯಾಪ್‌ಟಾಪ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಸಿಂಕ್ ಕೆಡಿಸಿಲ್ಲ. ಅಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಎರಡೂ ಕಡೆ ಫಾಂಟ್ ಹಾಕಿ. ಬಿಡುವಾದಾಗ ನುಡಿಯ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಗಾಬರಿಯಾಗಿ ‘ಕೆಟ್ಟ’ ಫೈಲನ್ನು ಅಳಿಸಿದರೆ ಡೆಸ್ಕ್‌ಟಾಪ್‌ನ ಒಳ್ಳೆಯ ಪ್ರತಿಯೂ ಹೋಗುತ್ತದೆ.

ಇದರ ಜೊತೆಗೆ ಭಾಷೆ ಯಾವುದಾದರೂ ಸರಿ, ಪ್ರಶ್ನಾರ್ಥಕ, ಕೋಲನ್ ಹೆಸರಿನಲ್ಲಿ ಬೇಡ. ಲಿನಕ್ಸ್ ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ.

ಒಂದೇ ವೈಫೈನಲ್ಲಿದ್ದರೂ ‘ಡಿಸ್ಕನೆಕ್ಟೆಡ್’ ಅಂತಿದೆ.

ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ, ಫೈರ್‌ವಾಲ್‌ನಲ್ಲಿ ಸಿಂಕ್‌ಥಿಂಗ್‌ಗೆ ಅನುಮತಿ ಕೊಡಿ. ಅದು ಬಳಸುವ ಪೋರ್ಟ್ 22000. ಹಾಸ್ಟೆಲ್, ಪಿಜಿ, ಕಚೇರಿಗಳ ವೈಫೈನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಹಾಕಿರುವುದುಂಟು. ಅಲ್ಲಿ ಎರಡರ ನಡುವೆ ಒಂದು ಲ್ಯಾನ್ ಕೇಬಲ್ ಹಾಕಿದರೆ ತಲೆನೋವೇ ಇಲ್ಲ.

ಮೊದಲ ಸಲಕ್ಕೆ ಎಷ್ಟು ಹೊತ್ತು ಬೇಕು?

ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಆಸುಪಾಸು ಹೋಗುತ್ತದೆ. ಲೆಕ್ಕದ ಪ್ರಕಾರ 100 ಜಿಬಿಗೆ ಕಾಲು ಗಂಟೆ. ಹಳೆಯ 100 ಎಂಬಿಪಿಎಸ್ ರೂಟರ್ ಆದರೆ ಅದೇ ಎರಡೂವರೆ ಗಂಟೆ. ಸಣ್ಣ ಫೈಲು ಸಾವಿರಾರು ಇದ್ದರೆ, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಜಾಸ್ತಿ. ರಾತ್ರಿ ಹಚ್ಚಿ ಮಲಗಿ. ಆಮೇಲೆ ದಿನದಿನ ಹೋಗುವುದು ಬದಲಾದ ತುಣುಕುಗಳು ಮಾತ್ರ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿರುವಾಗ ‘ಪಾಜ್ ಆಲ್’ (ಎಲ್ಲವನ್ನೂ ತಡೆ) ಒತ್ತಿ, ಇಲ್ಲವಾದರೆ ದಿನದ ಡೇಟಾ ಬೇಗ ಖಾಲಿ.

ಎರಡೂ ಲಿನಕ್ಸ್. ಆರ್‌ಸಿಂಕ್ ಸಾಲದೇ?

1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮ್ಯಾಕೆರಸ್ ಬರೆದ ಈ ತಂತ್ರಾಂಶ ಇಂದಿಗೂ ಗಟ್ಟಿ. ಆದರೆ ಅದು ಒಮ್ಮುಖ, ಇಲ್ಲಿಂದ ಅಲ್ಲಿಗೆ. ಎರಡೂ ಕಡೆ ತಿದ್ದುವವರಿಗೆ ಯೂನಿಸನ್ ಅಥವಾ ಸಿಂಕ್‌ಥಿಂಗ್ ಸರಿ. ಬ್ಯಾಕಪ್‌ಗೆ ಆರ್‌ಸಿಂಕ್ ಬಳಸಿ. ‘ಡಿಲೀಟ್’ ಆಯ್ಕೆ ಕೊಡುವಾಗ ಮೊದಲು ‘ಡ್ರೈ ರನ್’ ಮಾಡಿ ಏನೇನು ಅಳಿಯುತ್ತದೆ ಎಂದು ಓದಿಕೊಳ್ಳಿ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ಫೈಲುಗಳು ಮಾತ್ರ, ಇಲ್ಲದಿದ್ದರೆ ಫೋಲ್ಡರ್ ಸಮೇತ ಹೋಗುತ್ತದೆ. ಆ ಒಂದು ಗೆರೆ ನೋಡಿಯೇ ಎಂಟರ್ ಒತ್ತಿ.

ಲ್ಯಾಪ್‌ಟಾಪ್ ಕಳೆದುಹೋದರೆ?

ಡೆಸ್ಕ್‌ಟಾಪ್‌ನಲ್ಲಿ ತಕ್ಷಣ ಆ ಡಿವೈಸನ್ನು ಪಟ್ಟಿಯಿಂದ ತೆಗೆಯಿರಿ. ಇನ್ನು ಮುಂದೆ ಹೊಸದೇನೂ ಅಲ್ಲಿಗೆ ಹೋಗುವುದಿಲ್ಲ, ಅಲ್ಲಿ ಅಳಿಸಿದ್ದೂ ಇಲ್ಲಿಗೆ ಬರುವುದಿಲ್ಲ. ಆದರೆ ಈಗಾಗಲೇ ಅದರಲ್ಲಿರುವ ಫೈಲುಗಳನ್ನು ದೂರದಿಂದ ಅಳಿಸಲು ಸಿಂಕ್‌ಥಿಂಗ್‌ನಲ್ಲಿ ದಾರಿ ಇಲ್ಲ. ವಿಂಡೋಸ್ ಪಾಸ್‌ವರ್ಡ್ ಒಂದೇ ಸಾಲದು, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಓದಬಹುದು. ಲ್ಯಾಪ್‌ಟಾಪ್ ಕೈಯಲ್ಲಿರುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವನ್ನು, ಅಂದರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್, ಲಿನಕ್ಸ್‌ನಲ್ಲಿ ಲಕ್ಸ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಆನ್ ಮಾಡಿಡಿ. ರಿಕವರಿ ಕೀ ಬರೆದು ಮನೆಯಲ್ಲಿಡಿ. ಆ ಕೀ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇರಬಾರದು.